ಉಪ್ಪು ಮುಟ್ಟದೆ ಚಿರತೆಯ ಕೇರಿಯಲ್ಲಿ

ಆಗ ನನಗೆ ಇಪ್ಪತ್ತಾರು. ಅದಾಗಿ ಈಗ ನಲವತ್ತೈದು ವರ್ಷ ಆಗಿರಬೇಕು. ಯುದ್ಧ ಇನ್ನೂ ಮುಗಿದಿರಲಿಲ್ಲ, ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಮ್ಮದು ಮಡಕಶಿರಾ ಕಡೆಯ ಹಳ್ಳಿ. ಮಾತು ಕನ್ನಡ, ಆಳುವವರು ಮದರಾಸಿನವರು. ಹಿಂದೂಪುರದಲ್ಲಿ ರೈಲು ಹತ್ತಿ ಸ್ವಲ್ಪ ದೂರ ಹೋದರೆ ಮೈಸೂರು ಮಹಾರಾಜರ ರಾಜ್ಯ. ಗಂಡಸರು ಸಂತೆಗೆ ಹೋಗಿ ಬಂದಹಾಗೆ ಹೋಗಿ ಬರುತ್ತಿದ್ದರು. ಹೆಂಗಸರಾದ ನಮಗೆ ಅದು ಪರದೇಶವೇ. ನಾನು ಹೋದದ್ದು ದೇವರನ್ನು ನೋಡಲಿಕ್ಕಲ್ಲ, ಒಂದು ಮನೆ ನೋಡಲಿಕ್ಕೆ.

ಹಿಂದೂಪುರದ ರೈಲು

ನನ್ನ ತಂಗಿ ಗಂಗಿಯನ್ನು ಮಾಕಳಿದುರ್ಗದ ಬುಡದ ಒಂದು ಒಕ್ಕಲು ಮನೆಯವರು ಕೇಳಿದ್ದರು. ಗಂಗಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕವಳಾಗಿದ್ದಾಗ ಜ್ವರ ಬಂತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಹತ್ತು ಮಾತು ಉಳಿದಿತ್ತು, ಮಿಕ್ಕದ್ದೆಲ್ಲ ಕೈಸನ್ನೆ. ಕಣ್ಣು ಮಾತ್ರ ಬಲು ಚುರುಕು. ನಾನು ಬಸುರಿ ಎಂದು ನನ್ನ ಅತ್ತೆಗೆ ತಿಳಿಯುವ ಮೊದಲು ಅವಳಿಗೆ ತಿಳಿದಿತ್ತು, ನಾನು ಕೂತು ಏಳುವುದನ್ನು ನೋಡಿ.

ಕಿವಿಯ ವಿಷಯ ಗಂಡಿನ ಕಡೆಯವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿಕೊಂಡು ಬಂದರಲ್ಲ, ಆ ಮನೆಯಲ್ಲಿ ಏನೋ ಐಬು ಇರಬೇಕು ಎಂದು ನನಗೆ ಅನುಮಾನ. ಅಪ್ಪ ಇರಲಿಲ್ಲ, ಅಮ್ಮ ಹಾಸಿಗೆ ಹಿಡಿದಿದ್ದಳು. ಆದ್ದರಿಂದ ಚಿಕ್ಕಪ್ಪ ಮತ್ತು ನಾನು ಹೊರಟೆವು. ಹೆಣ್ಣು ಕೊಡುವ ಮೊದಲು ಮನೆ ನೋಡುವುದು ನಮ್ಮಲ್ಲಿ ರೂಢಿ. ನೋಡಲು ಹೋದವರು ಆ ಮನೆಯಲ್ಲಿ ಉಪ್ಪು ಹಾಕಿದ ಯಾವುದನ್ನೂ ತಿನ್ನಬಾರದು. ತಿಂದರೆ ಸಂಬಂಧ ಒಪ್ಪಿದ ಹಾಗೆ. ತಿಂದ ಮೇಲೆ ಇಲ್ಲ ಎಂದರೆ ಎರಡೂ ಕಡೆಯವರ ಮರ್ಯಾದೆ ಹೋಗುತ್ತದೆ. ಅದಕ್ಕೇ ಬುತ್ತಿ ಕಟ್ಟಿಕೊಂಡು ಹೋಗುವುದು. ನಾನು ಹುಳಿಯನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡಿದ್ದೆ. ಚಿಕ್ಕಪ್ಪ ಕೊಡೆ ತೆಗೆದುಕೊಂಡಿದ್ದ. ಮಳೆಗಾಲ ಮುಗಿದಿತ್ತು. ಕೊಡೆ ಯಾಕೆ ಎಂದರೆ, "ಪರಸ್ಥಳ ಕಣಮ್ಮಿ, ಕೈಲಿ ಏನಾದ್ರೂ ಇರ್ಬೇಕು" ಎಂದ.

ಗಡಿ ದಾಟಿದ ಮೇಲೆ ಒಬ್ಬ ಪೊಲೀಸಿನವನು ಡಬ್ಬಿಗೆ ಹತ್ತಿ ಎಲ್ಲರ ಗಂಟನ್ನೂ ಒತ್ತಿ ನೋಡಿದ. ಧಾನ್ಯ ಸಾಗಿಸುವವರನ್ನು ಹಿಡಿಯುವ ಕಾಲ ಅದು. ನಮ್ಮ ಬುತ್ತಿ ಮೂಸಿ, "ಚಟ್ನಿಪುಡಿ ಚೆನ್ನಾಗಿ ಹುರಿದಿದ್ದೀರಿ" ಎಂದು ವಾಪಸ್ಸು ಕೊಟ್ಟ. ಎದುರಿಗೆ ವೀಳ್ಯದೆಲೆ ಮಾರುವ ಮುದುಕಿ ಕೂತಿದ್ದಳು. ಎಲ್ಲಿಗೆ ಎಂದು ಕೇಳಿದಳು. ಹೇಳಿದೆ.

"ಮಾಕಳಿ ಬುಡಕ್ಕಾ? ಹೆಣ್ಣು ಕೊಡಕ್ಕಾ? ಅಯ್ಯೋ ನಮ್ಮವ್ವ, ಅಲ್ಲಿ ಚಿರ್ತೆ ಬಾಗ್ಲಿಗೆ ಬಂದು ಮಜ್ಜಿಗೆ ಕೇಳ್ತದಂತೆ ಕಣೆ."

ಚಿಕ್ಕಪ್ಪ ನಕ್ಕ. ತಾನೊಮ್ಮೆ ತೋಳಕ್ಕೆ ಇದೇ ಕೊಡೆಯಲ್ಲಿ ಬಾರಿಸಿದ ಕಥೆ ಹೇಳಿದ. ಮುದುಕಿ ಮುಗಿಯುವವರೆಗೂ ಕೇಳಿ, "ತೋಳ ಅಲ್ಲಪ್ಪ ನಾನ್ ಹೇಳಿದ್ದು" ಎಂದು ಎಲೆಗೆ ನೀರು ಚಿಮುಕಿಸಿದಳು. ಅಲ್ಲಿಂದಾಚೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇದೇ ಆ ಐಬು ಎಂದುಕೊಂಡೆ. ಕಿವಿ ಇರುವ ಹೆಣ್ಣನ್ನು ಅಲ್ಲಿಗೆ ಯಾರೂ ಕೊಡಲಿಲ್ಲ, ಅದಕ್ಕೇ ನಮ್ಮ ಗಂಗಿ ನೆನಪಾದಳು.

ಮಾಕಳಿದುರ್ಗದ ಸ್ಟೇಷನ್

ಬೆಟ್ಟಗಳ ನಡುವೆ ರೈಲು ಏದುಸಿರು ಬಿಡುತ್ತಾ ಹೋಗಿ ನಿಂತಿತು. ನಮ್ಮ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು, ನಾಳೆ ಬರುವ ನೆಂಟ ಇವತ್ತೇ ಕಾಣುತ್ತಾನೆ. ಇಲ್ಲಿ ಎತ್ತ ನೋಡಿದರೂ ಬಂಡೆ, ಬಂಡೆಯ ಸಂದಿ, ಸಂದಿಯಲ್ಲಿ ಕತ್ತಲು. ನೆತ್ತಿಯ ಮೇಲೆ ಕೋಟೆ.

ಚಿಕ್ಕಪ್ಪ ಬುತ್ತಿಯನ್ನು ಕಲ್ಲುಬೆಂಚಿನ ಮೇಲಿಟ್ಟು ಕಚ್ಚೆ ಬಿಗಿ ಮಾಡಿಕೊಂಡ. ಅಷ್ಟರಲ್ಲಿ ಕೋತಿ ಬಂತು. ಚಿಕ್ಕಪ್ಪ ಕೊಡೆ ಬಿಚ್ಚಿ ಹೆದರಿಸಿದ. ಕೋತಿ ಕೊಡೆಯ ಆ ಕಡೆಯಿಂದ ಸುತ್ತಿ ಬಂದು ಗಂಟು ಎತ್ತಿಕೊಂಡು ಚಾವಣಿ ಹತ್ತಿತು. ನಾನು ಹಲ್ಲಿನಲ್ಲಿ ಬಿಗಿದು ಕಟ್ಟಿದ್ದ ಗಂಟನ್ನು ಅದು ಎರಡು ಬೆರಳಲ್ಲಿ ಬಿಚ್ಚಿತು. ಹುಳಿಯನ್ನ ತಿಂದಿತು, ಚಟ್ನಿಪುಡಿಗೆ ಸೀನಿತು.

ನಮ್ಮನ್ನು ಕರೆದೊಯ್ಯಲು ಮದುವೆಗಂಡೇ ಬಂದಿದ್ದ. ಹೆಸರು ಮುನಿಯಪ್ಪ. ಮಾತು ಕಡಿಮೆ, ಕೈಯಲ್ಲಿ ಉದ್ದನೆಯ ಕೋಲು, ಜೊತೆಗೊಂದು ಕರಿ ನಾಯಿ. ನಾಯಿಯ ಕುತ್ತಿಗೆಗೆ ಮುಳ್ಳುಮುಳ್ಳಾದ ಕಬ್ಬಿಣದ ಪಟ್ಟಿ ಹಾಕಿದ್ದರು.

"ಬುತ್ತಿ ಹೋಯ್ತಾ?" ಎಂದ. "ಮನೇಲಿ ಅಡುಗೆ ಆಗಿದೆ. ಆದ್ರೆ ನೀವು ಮಾಡಂಗಿಲ್ಲ, ಅಲ್ವ?"

"ಇಲ್ಲಪ್ಪ" ಎಂದ ಚಿಕ್ಕಪ್ಪ, ಚಾವಣಿಯ ಕಡೆ ನೋಡುತ್ತಾ.

"ನಮ್ಮಲ್ಲೂ ಹಂಗೇ" ಎಂದ ಮುನಿಯಪ್ಪ.

ಇದು ನಾಯಿಗೆ ಯಾಕೆ ಎಂದು ಪಟ್ಟಿ ತೋರಿಸಿ ಕೇಳಿದೆ. ಅದು ಬಾಯಿ ಹಾಕುವುದು ಮೊದಲು ಕುತ್ತಿಗೆಗೆ, ಅದಕ್ಕೆ ಎಂದ. ಯಾವುದು ಎಂದು ನಾನು ಕೇಳಲಿಲ್ಲ.

ಬಂಡೆಕೇರಿ

ಬೆಟ್ಟದ ಬುಡದಲ್ಲಿ ಒಂದೇ ಸಾಲು ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಕಲ್ಲಿನ ಗೋಡೆ, ಮೇಲೆ ಕಲ್ಲಿನ ಚಪ್ಪಡಿ. ಕುರಿ ಕೂಡುವ ರೊಪ್ಪಕ್ಕೂ ಚಪ್ಪಡಿಯೇ. ನಮ್ಮೂರಲ್ಲಿ ಮನುಷ್ಯರಿಗೇ ಹುಲ್ಲುಚಾವಣಿ, ಇಲ್ಲಿ ಕುರಿಗೆ ಕಲ್ಲುಮನೆ. ಸಿರಿವಂತರು ಎಂದುಕೊಂಡೆ. ಸಿರಿಯಲ್ಲ, ಬೇರೆ ದಾರಿ ಇರಲಿಲ್ಲ.

ಮುನಿಯಪ್ಪನ ತಾಯಿ ತಿಮ್ಮಕ್ಕ ಗಟ್ಟಿ ಹೆಂಗಸು. ಬುತ್ತಿಯ ಸುದ್ದಿ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಹಾಲು, ಬೆಲ್ಲ ಕಲೆಸಿದ ಅವಲಕ್ಕಿ ತಂದಿಟ್ಟು, "ಉಪ್ಪಿನ ಹರಳೂ ಹಾಕಿಲ್ಲ ಕಣಮ್ಮ, ಹೆದರದೆ ತಿನ್ನು" ಎಂದಳು. ಒಲೆಯ ಮೇಲೆ ಅವರೆಕಾಯಿ ಸಾರು ಕುದಿಯುತ್ತಿತ್ತು. ಆ ವಾಸನೆಯಲ್ಲಿ ಕೂತು ಸಿಹಿ ಅವಲಕ್ಕಿ ಅಗಿಯುವುದು ಯಾವ ಶತ್ರುವಿಗೂ ಬೇಡ.

ಮನೆ ನೋಡಲು ಬಂದವಳು, ನೋಡಿದೆ. ಕಣಜ, ಕೊಟ್ಟಿಗೆ, ಹಿತ್ತಿಲು, ಬಾವಿಯ ನೀರು ಎಲ್ಲ ನೋಡಿದೆ. "ಮಡಕೆ ಒಳ್ಗೂ ಇಣುಕು ಮಗಳೆ, ಆಮೇಲೆ ನೋಡ್ಲಿಲ್ಲ ಅನ್ಬೇಡ" ಎಂದಳು ತಿಮ್ಮಕ್ಕ. ಇಣುಕಿದೆ. ತುಂಬಿತ್ತು.

ಒಂದು ವಿಚಿತ್ರ ಕಂಡೆ. ಮನೆಮನೆಯ ನಡುಗೋಡೆಯಲ್ಲಿ ತಲೆ ತೂರುವಷ್ಟು ಕಿಂಡಿ. ಆ ಕಿಂಡಿಯಿಂದ ಪಕ್ಕದ ಮನೆಗೆ, ಅಲ್ಲಿಂದ ಅದರಾಚೆಯ ಮನೆಗೆ, ಸಾಲಿನ ಕೊನೆಯವರೆಗೂ ಬೆಂಕಿ, ಮಜ್ಜಿಗೆ, ಎಳೆಮಗು ಎಲ್ಲ ಸಾಗುತ್ತವೆ. ದೀಪ ಹಚ್ಚಿದ ಮೇಲೆ ಯಾರೂ ಬಾಗಿಲು ತೆಗೆಯುವುದಿಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರೇ ಗೋಡೆಯ ತೂತು ಮುಚ್ಚಿಕೊಳ್ಳುತ್ತಾರೆ.

ಇನ್ನೊಂದು ವಿಚಿತ್ರ. ಹೆಂಗಸರು ಎಲ್ಲ ಕೆಲಸಕ್ಕೂ ಇಬ್ಬರು. ಒಬ್ಬಳು ಬಗ್ಗಿ ಅಂಗಳ ಗುಡಿಸುತ್ತಿದ್ದರೆ ಇನ್ನೊಬ್ಬಳು ಸುಮ್ಮನೆ ನಿಂತಿರುತ್ತಾಳೆ. ಒಬ್ಬಳು ಸಗಣಿ ತಟ್ಟಿದರೆ ಇನ್ನೊಬ್ಬಳು ಸೊಂಟದ ಮೇಲೆ ಕೈ. ಎಂಥ ಸೋಮಾರಿ ಹೆಂಗಸರು ಎಂದು ಬಾಯಿಬಿಟ್ಟೇ ಹೇಳಿದೆ. ಪಕ್ಕದ ಮನೆಯ ಲಿಂಗಮ್ಮ ಸೆರಗು ಸರಿಸಿ ಭುಜ ತೋರಿಸಿದಳು. ಅಲ್ಲಿ ಮಾಂಸ ಇರಬೇಕಾದ ಕಡೆ ಗುಳಿ ಇತ್ತು.

"ಒಬ್ಬಳೇ ಬಗ್ಗಿದ್ದೆ" ಎಂದಳು. "ನಿಂತ ಮನುಷ್ಯರ ಮೇಲೆ ಬೀಳಲ್ಲ ಅದು. ಬಗ್ಗಿದ್ರೆ ಕುರಿ ಅಂದ್ಕೋತದೆ. ನಂದೇನು ತಪ್ಪು, ಅದರದ್ದೇನು ತಪ್ಪು?"

"ಅಟ್ಟಬಾರದೆ? ಕೊಲ್ಲಿಸಬಾರದೆ?"

"ಒಂದನ್ನ ಹೊಡೆಸಿದ್ರು. ಆರು ತಿಂಗಳಿಗೆ ಇನ್ನೊಂದು ಬಂತು. ಅದಕ್ಕೆ ಕೇರಿ ಹೊಸದು, ಮನೆ ಮನೆ ನುಗ್ತು. ಹಳೇದಾದ್ರೆ ನಮ್ಮ ಹೊತ್ತು ಅದಕ್ಕೆ ಗೊತ್ತು, ಅದರ ಹೊತ್ತು ನಮಗೆ ಗೊತ್ತು."

ಬೇಲಿಯಾಚೆಯ ದಾಯಾದಿಯ ವಿಷಯ ಮಾತಾಡಿದ ಹಾಗಿತ್ತು. ನಾನು ಆಗಲೇ ತೀರ್ಮಾನಿಸಿದೆ. ಕಿವಿ ಕೇಳದ ಹುಡುಗಿಯನ್ನು ಇಲ್ಲಿಗೆ ತಂದು ಬಿಡುವುದೂ ಒಂದೇ, ಬಂಡೆಯ ಸಂದಿಗೆ ಕಟ್ಟಿ ಬರುವುದೂ ಒಂದೇ. ಆ ಮನೆಯಲ್ಲಿ ಕೂತು ಇಲ್ಲ ಎನ್ನುವ ಹಾಗಿಲ್ಲ. ಊರಿಗೆ ಹೋಗಿ ಹೇಳಿ ಕಳಿಸುವುದು ಪದ್ಧತಿ. ಸಂಜೆಯ ರೈಲು ಹಿಡಿದರೆ ಸಾಕು ಎಂದು ಕಾಲು ಕುಣಿಯುತ್ತಿತ್ತು.

ಅರ್ಧ ದಾರಿ

ಹೊತ್ತಿಗೆ ಮುಂಚೆಯೇ ಹೊರಟೆವು. ಮುನಿಯಪ್ಪ ಮುಂದೆ, ನಾನು ನಡುವೆ, ಕೊಡೆ ಹಿಡಿದ ಚಿಕ್ಕಪ್ಪ ಹಿಂದೆ. ಎರಡು ಬಂಡೆಗಳ ನಡುವೆ ದಾರಿ ಕಿರಿದಾಗುವಲ್ಲಿ ಮುನಿಯಪ್ಪ ನಿಂತ. ಮೇಲೆ ಗುಡ್ಡದಲ್ಲಿ ಕುರಿ ಕಾಯುತ್ತಿದ್ದವನೊಬ್ಬ ಎದ್ದು ನಿಂತು, ಎಡತೋಳಿನ ಮೇಲೆ ಬಲ ಅಂಗೈಯನ್ನು ಮೊಣಕೈಯಿಂದ ಬೆರಳಿನವರೆಗೆ ಮೆಲ್ಲಗೆ ಜಾರಿಸಿದ. ಆಮೇಲೆ ದಾರಿಯ ಕಡೆ ಗದ್ದ ಆಡಿಸಿದ.

ಮುನಿಯಪ್ಪ ಹಿಂದಕ್ಕೆ ತಿರುಗಿದ. "ನಡೀರಿ ಮನೆಗೆ. ಓಡಬೇಡಿ."

ಓಡಬೇಡಿ ಎಂದು ಹೇಳುವ ಮೊದಲೇ ಚಿಕ್ಕಪ್ಪ ಓಡಲು ಶುರು ಮಾಡಿದ್ದ. ಮುನಿಯಪ್ಪ ಕೋಲನ್ನು ಅಡ್ಡ ಹಿಡಿದು ನಿಲ್ಲಿಸಿದ. ಕೊಡೆ ದಾರಿಯಲ್ಲೇ ಬಿತ್ತು. ಯಾರೂ ಎತ್ತಿಕೊಳ್ಳಲು ಬಗ್ಗಲಿಲ್ಲ.

"ಬಾಯಲ್ಲಿ ಕೂಗಿ ಹೇಳಬಾರದಾ ಅವನು?" ಎಂದೆ, ಕೇರಿ ಕಾಣಿಸಿದ ಮೇಲೆ.

"ಕೂಗಿದ್ರೆ ಕುರಿ ಬೆದರ್ತವೆ. ಬೆದರಿ ಓಡಿದ್ದನ್ನೇ ಅದು ಹಿಡಿಯೋದು. ಈ ಗುಡ್ಡದಲ್ಲಿ ಯಾರೂ ಕೂಗಲ್ಲ."

ದೂರದಲ್ಲಿ ರೈಲು ಸಿಳ್ಳೆ ಹಾಕಿತು. ನಮ್ಮನ್ನು ಬಿಟ್ಟು ಹೋಯಿತು.

ಸೀಬೆಮರ

ತಿಮ್ಮಕ್ಕ ಮತ್ತೆ ಹಾಲು ಅವಲಕ್ಕಿ ತಂದಳು. ಅದನ್ನು ನೋಡಿದರೆ ವಾಕರಿಕೆ ಬರುತ್ತಿತ್ತು. ಚಿಕ್ಕಪ್ಪ ಜಗುಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಏನೋ ಅಗಿಯುತ್ತಿದ್ದ.

"ಏನ್ ಚಿಕ್ಕಪ್ಪ ಅದು?"

"ಬೆಲ್ಲ ಕಣೆ."

"ಬೆಲ್ಲ ಕರುಂಕರುಂ ಅನ್ನುತ್ತಾ?"

"ಗಟ್ಟಿ ಬೆಲ್ಲ."

ಬಾಯಿ ತೆರೆಸಿ ನೋಡಿದೆ. ಸುಟ್ಟ ಕಡಲೆಕಾಯಿ, ಉಪ್ಪಿಲ್ಲದ್ದು. ಬಿಟ್ಟುಬಿಟ್ಟೆ.

ನನಗೆ ಒಳಗೆ ಕೂರಲು ಆಗದು, ಹೊರಗೆ ನಿಲ್ಲಲು ಆಗದು. ಹೊತ್ತು ಮುಳುಗುತ್ತಿತ್ತು, ಬೆಳಕು ಇನ್ನೂ ಇತ್ತು. ಹಿತ್ತಿಲಲ್ಲಿ ಸೀಬೆಮರ ನೋಡಿದ್ದೆ. ಮರದ ಹಣ್ಣಿಗೆ ಯಾವ ಉಪ್ಪು? ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದೆ. ನಾಯಿ ಬೊಗಳುತ್ತಿಲ್ಲ, ಕುರಿ ಅರಚುತ್ತಿಲ್ಲ, ತರಗೆಲೆ ಸದ್ದಿಲ್ಲ. ಏನೂ ಇಲ್ಲ ಎಂದು ಧೈರ್ಯವಾಗಿ ಹೋದೆ. ಮರದ ಕೆಳಗೆ ಹಣ್ಣು ಬಿದ್ದಿದ್ದವು. ಬಗ್ಗಿದೆ.

ಎರಡನೆಯ ಹಣ್ಣಿಗೆ ಕೈ ಹಾಕಿದಾಗ ಹಿಂದಿನಿಂದ ತಿಮ್ಮಕ್ಕ, ಜೋರಾಗಿಯೂ ಅಲ್ಲ, ಪಿಸುಮಾತಲ್ಲೂ ಅಲ್ಲ, "ನೆಟ್ಟಗೆ ನಿಂತ್ಕೊ ತಾಯಿ" ಎಂದಳು.

ನಿಂತೆ. ರೊಪ್ಪದ ಚಪ್ಪಡಿಯ ಮೇಲೆ ಅದು ಕೂತಿತ್ತು. ಬೆಕ್ಕು ಗೋಡೆಯ ಮೇಲೆ ಕೂತ ಹಾಗೆ ಮುಂಗಾಲು ಮಡಿಸಿ. ನನಗೂ ಅದಕ್ಕೂ ನಡುವೆ ಒಂದು ಎತ್ತಿನಗಾಡಿ ನಿಲ್ಲಿಸುವಷ್ಟು ಜಾಗ. ಕಣ್ಣು ಹಳದಿ. ಮೈ ಎಷ್ಟು ಚಂದ ಎಂದೆಲ್ಲ ನೋಡಿದವರು ಹೇಳುತ್ತಾರೆ. ನಾನು ನೋಡಿದ್ದು ಬಾಲದ ತುದಿ ಮಾತ್ರ. ಅದು ಅಲ್ಲಾಡುತ್ತಿತ್ತು. ತಿಮ್ಮಕ್ಕ ನಡೆದು ಬಂದು ನನ್ನ ಪಕ್ಕ ನಿಂತಳು. ನಾವು ಇಬ್ಬರಾದೆವು. ಅದು ನಮ್ಮನ್ನು ನೋಡಿತು, ಬೇಸರವಾದ ಹಾಗೆ ಮುಖ ಆ ಕಡೆ ತಿರುಗಿಸಿತು, ಇಳಿದು ಹೋಯಿತು. ಇಳಿದದ್ದೂ ಸದ್ದಾಗಲಿಲ್ಲ.

ಒಳಗೆ ಬಂದು ಬಾಗಿಲಿಗೆ ಅಗಳಿ ಹಾಕಿದೆ. ಸೀಬೆಹಣ್ಣು ಇನ್ನೂ ಮುಷ್ಟಿಯಲ್ಲಿತ್ತು, ಜಜ್ಜಿ ಹೋಗಿತ್ತು. ಪದ್ಧತಿ ಗಿದ್ಧತಿ ಮರೆತು ಬಾಯಿಗೆ ಬಂದದ್ದು ಆಡಿದೆ. "ಗೊತ್ತಿದ್ದೂ ನಮ್ಮ ಹುಡುಗೀನ ಕೇಳಿದಿರಲ್ಲ, ನಿಮಗೆ ಮನಸ್ಸು ಹೆಂಗೆ ಬಂತು? ಅವಳಿಗೆ ಕಿವಿ ಕೇಳಲ್ಲ! ಅದು ಬೆನ್ನ ಹಿಂದೆ ಬಂದು ನಿಂತರೂ ತಿಳಿಯಲ್ಲ ಅವಳಿಗೆ!"

ತಿಮ್ಮಕ್ಕ ಲೋಟದಲ್ಲಿ ನೀರು ಕೊಟ್ಟಳು.

"ನಿಂಗೆ ಕೇಳ್ತದಲ್ಲ ಕಣಮ್ಮ. ಈಗ ಏನ್ ಕೇಳ್ಸ್ತು?"

ನಾನು ನೀರು ಕುಡಿದೆ.

"ನಂಗೂ ಕೇಳಿಸ್ಲಿಲ್ಲ. ಕೊಟ್ಟಿಗೇಲಿ ಹಸ ಮೇವು ಬಿಟ್ಟು ರೊಪ್ಪದ ಕಡೆ ನೋಡ್ತಿತ್ತು. ಅದ ನೋಡಿ ಬಂದೆ. ಲಿಂಗಮ್ಮಂಗೆ ಎರಡು ಕಿವೀನೂ ನೆಟ್ಟಗವೆ, ಭುಜ ಹೋಯ್ತು. ಅದು ಸದ್ದು ಮಾಡ್ಕೊಂಡು ಬಂದಿದ್ರೆ ನಮಗ್ಯಾಕೆ ಈ ಪಾಡು?"

ಕಿಂಡಿ

ದೀಪ ಹಚ್ಚಿದ ಮೇಲೆ ಕೇರಿಯಲ್ಲಿ ಯಾರೂ ಅದರ ಹೆಸರು ಎತ್ತುವುದಿಲ್ಲ. ಕಿಂಡಿಯಲ್ಲಿ ಲಿಂಗಮ್ಮನ ಮುಖ ಕಾಣಿಸಿತು. ಮಾತಿಲ್ಲದೆ ತೋಳಿನ ಮೇಲೆ ಅಂಗೈ ಜಾರಿಸಿದಳು, ಹುಬ್ಬು ಎತ್ತಿದಳು. ಅದು ಎಲ್ಲಿದೆ ಎಂದು ಕೇಳಿದ್ದು. ತಿಮ್ಮಕ್ಕ ಹೆಬ್ಬೆರಳನ್ನು ಹಿತ್ತಿಲಿನ ಕಡೆ ಮಾಡಿ, ಆಮೇಲೆ ಬೆಟ್ಟದ ಕಡೆ ಬೀಸಿದಳು. ಲಿಂಗಮ್ಮ ತಿರುಗಿ ಅದನ್ನೇ ಆಚೆಯ ಮನೆಗೆ ದಾಟಿಸಿದಳು. ಆಮೇಲೆ ಬಾಯಿ ಬಿಟ್ಟು, "ಉಪ್ಪು ತಿನ್ನದ ನೆಂಟ್ರು ಇನ್ನೂ ಜೀವಂತ ಇದ್ದಾರಾ?" ಎಂದಳು.

"ಒಬ್ರು ಕಡ್ಲೆಕಾಯಲ್ಲಿ ಇದ್ದಾರೆ. ಇನ್ನೊಬ್ರು ಕೋಪದಲ್ಲಿ ಇದ್ದಾರೆ" ಎಂದಳು ತಿಮ್ಮಕ್ಕ.

ನಾನು ಆ ಕೈಗಳನ್ನೇ ನೋಡುತ್ತಿದ್ದೆ. ನಮ್ಮೂರಲ್ಲಿ ಗಂಗಿಯ ಹತ್ತಿರ ಕೈಯಲ್ಲಿ ಮಾತಾಡುವವರು ನಾನು, ಅಮ್ಮ, ಇಬ್ಬರೇ. ಮಿಕ್ಕವರು ಅವಳ ಮುಂದೆ ಜೋರಾಗಿ ಕಿರುಚುತ್ತಾರೆ, ಕಿರುಚಿದರೆ ಕಿವಿ ಬರುವ ಹಾಗೆ.

"ಅವಳನ್ನೇ ಯಾಕೆ ಕೇಳಿದಿರಿ?" ಎಂದೆ. ಈಗ ಕೋಪ ಇಳಿದಿತ್ತು, ಅನುಮಾನ ಇಳಿದಿರಲಿಲ್ಲ.

"ಗೌರಿಬಿದನೂರಲ್ಲಿ ನಿಮ್ಮ ಕಡೆಯೋರ ಮದುವೇಲಿ ನೋಡಿದ್ದೆ. ಅಡುಗೆ ಮನೇಲಿ ಹೆಂಗಸರೆಲ್ಲ ಹರಟ್ತಾ ಕೂತಿದ್ವಿ. ಒಂದು ಮಗು ಅಂಬೆಗಾಲಿಟ್ಕೊಂಡು ಉರೀತಿದ್ದ ಕೋಡೊಲೆ ಹತ್ರ ಹೋಯ್ತು. ಯಾರಿಗೂ ಕಾಣಿಸ್ಲಿಲ್ಲ. ನಿನ್ನ ತಂಗಿ ಅಷ್ಟು ದೂರದಿಂದ ಎದ್ದು ಬಂದು ಎತ್ಕೊಂಡ್ಲು. ಅವತ್ತೇ ಅಂದ್ಕೊಂಡೆ, ನಾನು ಬಗ್ಗಿದಾಗ ಇಂಥೋಳು ನಿಂತಿರ್ಬೇಕು ಅಂತ." ಮುದ್ದೆ ತಿರುವುತ್ತಲೇ ಹೇಳಿದಳು. "ಕೊಡೋದು ಬಿಡೋದು ನಿಮ್ಮಿಷ್ಟ. ಬಲವಂತ ಇಲ್ಲ."

ಮುನಿಯಪ್ಪ ನಾಯಿಯ ಪಟ್ಟಿ ಬಿಚ್ಚುತ್ತಾ, ನನ್ನನ್ನು ನೋಡದೆ ಕೇಳಿದ. "ಅವಳಿಗೆ ನೀರು ಅನ್ನೋಕೆ ಹೆಂಗೆ ಮಾಡ್ತೀರಿ?"

ತೋರಿಸಿದೆ. ಅವನು ಮಾಡಿದ. ಬಾ ಎನ್ನುವುದು, ಬೇಡ ಎನ್ನುವುದು, ಹಸಿವು. ಹಸಿವಿನ ಸನ್ನೆಯನ್ನು ನಾನು ಚೆನ್ನಾಗಿಯೇ ತೋರಿಸಿದೆ. ಚಿಕ್ಕಪ್ಪ ಕೂಡ ನಕ್ಕ.

"ಅದಕ್ಕೆ?" ಎಂದು ಬೆಟ್ಟದ ಕಡೆ ತಲೆ ಆಡಿಸಿದ.

"ನಮ್ಮೂರಲ್ಲಿ ಅದು ಇಲ್ಲ. ಅದಕ್ಕೆ ಸನ್ನೆಯೂ ಇಲ್ಲ."

"ಹಂಗಾದ್ರೆ ನಮ್ಮದೇ ಆಯ್ತು" ಎಂದು ತೋಳಿನ ಮೇಲೆ ಅಂಗೈ ಜಾರಿಸಿದ.

ಭಯ ಹೋಯಿತು ಎಂದು ಹೇಳುವುದಿಲ್ಲ. ಮಲಗಿದರೂ ನಿದ್ದೆ ಬರಲಿಲ್ಲ. ಒಂದು ಮಗ್ಗುಲಿಗೆ ಹಸಿವು, ಇನ್ನೊಂದು ಮಗ್ಗುಲಿಗೆ ಗಂಗಿ. ಇಲ್ಲಿಗೆ ಕೊಟ್ಟು ನಾಳೆ ಏನಾದರೂ ಆದರೆ ಉತ್ತರ ಹೇಳಬೇಕಾದವಳು ನಾನೇ. ಕೊಡದಿದ್ದರೆ ಅವಳು ನಮ್ಮೂರಲ್ಲಿ, ಎಲ್ಲರೂ ಕಿರುಚುವ ನಡುವೆ, ಇನ್ನೊಬ್ಬರ ಮಕ್ಕಳ ಮೂಗು ಒರೆಸಿಕೊಂಡು ಮುದುಕಿಯಾಗಬೇಕು. ನಮ್ಮೂರಲ್ಲಿ ಚಿರತೆ ಇಲ್ಲ ನಿಜ. ಬೇರೆ ಏನೂ ಇಲ್ಲ.

ಮಾರನೆಯ ಬೆಳಿಗ್ಗೆ

ಬೆಳಕು ಹರಿದ ಮೇಲೆ ತಿಮ್ಮಕ್ಕ ಬಾಗಿಲು ತೆಗೆದಳು. ಕೈಯಲ್ಲಿ ಪೊರಕೆ ಇತ್ತು. ಹೊಸ್ತಿಲಲ್ಲಿ ನಿಂತು ಪಕ್ಕದ ಮನೆಯ ಕಡೆ ನೋಡಿದಳು. ಲಿಂಗಮ್ಮ ಇನ್ನೂ ಎದ್ದಿರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ.

"ಗುಡಿಸಿ. ನಾನು ನಿಂತಿರ್ತೀನಿ" ಎಂದೆ.

ಅವಳು ಬಗ್ಗಿದಳು. ನಾನು ಬಂಡೆ ನೋಡಿದೆ, ರೊಪ್ಪದ ಚಪ್ಪಡಿ ನೋಡಿದೆ, ಹಸುವಿನ ಕಿವಿ ನೋಡಿದೆ. ಸುಮ್ಮನೆ ನಿಲ್ಲುವುದು ಸೋಮಾರಿ ಕೆಲಸ ಎಂದಿದ್ದೆನಲ್ಲ, ಆ ಅಂಗಳ ಮುಗಿಯುವುದರೊಳಗೆ ಬೆನ್ನು ಬೆವೆತು ಹೋಯಿತು. ನಿಂತಷ್ಟು ಹೊತ್ತೂ ನನ್ನ ಕಿವಿಗೆ ಕೆಲಸ ಬೀಳಲಿಲ್ಲ.

ದಾರಿಯಲ್ಲಿ ಬಿದ್ದಿದ್ದ ಕೊಡೆಯನ್ನು ಮುನಿಯಪ್ಪ ತಂದು ಜಗುಲಿಗೆ ಒರಗಿಸಿದ್ದ. ಬಟ್ಟೆ ಒಂದು ಕಡೆ ಹರಿದಿತ್ತು. ಕೋತಿ ಹರಿದದ್ದೋ ಮತ್ತೊಂದೋ ಎಂದು ಚಿಕ್ಕಪ್ಪ ಕೇಳಲಿಲ್ಲ. ಬೆಳಗಿನ ರೈಲಿಗೆ ಹೊತ್ತಿತ್ತು. ಒಳಗೆ ಹೆಂಚಿನ ಮೇಲೆ ರಾಗಿರೊಟ್ಟಿ ಬೇಯುತ್ತಿತ್ತು. ತಿಮ್ಮಕ್ಕ ನಮಗೆಂದು ಅವಲಕ್ಕಿಯ ಬಟ್ಟಲು ತೆಗೆದಳು. ನಾನು ಒಲೆಯ ಮುಂದೆ ಕೂತು ತಟ್ಟೆ ಚಾಚಿದೆ.

"ರೊಟ್ಟಿ ಹಾಕಿ. ನೆನ್ನೆಯ ಸಾರು ಇದ್ದರೆ ಅದನ್ನೂ ಹಾಕಿ."

ತಿಮ್ಮಕ್ಕನ ಕೈ ನಿಂತಿತು. ಚಿಕ್ಕಪ್ಪ ಬಾಗಿಲಿನಿಂದ ಇಣುಕಿ, "ಲೇ ನಂಜಿ, ಉಪ್ಪು ಕಣೆ ಅದ್ರಲ್ಲಿ! ಯೋಚ್ನೆ ಮಾಡಿ ತಿನ್ನು!" ಎಂದ.

"ಮಾಡಿದೀನಿ. ಇನ್ನೂ ಮಾಡಿದ್ರೆ ತಣ್ಣಗಾಗುತ್ತೆ" ಎಂದೆ.

ತಿಮ್ಮಕ್ಕ ಸಾರು ಬಡಿಸಿದಳು. ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಬಾಯಿಬಿಟ್ಟು ಕೇಳಿ, ಇನ್ನಷ್ಟು ಹಾಕಿಸಿಕೊಂಡು ತಿಂದೆ.